ಹಸು ನೋಡ್ಕೊಳ್ಳೋದು ಹೆಂಗಸರು, ಸಲಹೆ ಸಿಗೋದು ಯಾರಿಗೆ? ಹೈನುಗಾರ ಮಹಿಳೆಯರಿಗೆ ಇಲ್ಲಿದೆ ಮಾಹಿತಿ

ಗರುಡಾಚಾರ್‌ಪಾಳ್ಯ: ವೈಟ್‌ಫೀಲ್ಡ್ ರಸ್ತೆ ಮೇಲೆ 2023ರಿಂದ ಮೆಟ್ರೋ ಓಡ್ತಿದೆ. ಆದ್ರೂ ಕೆ.ಆರ್.ಪುರ, ಮಹದೇವಪುರ ಕಡೆಯ ಹಳೇ ಊರುಗಳಲ್ಲಿ ಒಂದೆರಡು ಸೀಮೆಹಸು ಕಟ್ಟಿರೋ ಮನೆಗಳು ಇನ್ನೂ ಇವೆ. ಸಗಣಿ ಬಾಚೋದು, ಮೇವು ಹಾಕೋದು, ಹಾಲು ಕರೆಯೋದು ಹೆಚ್ಚಾಗಿ ಹೆಂಗಸರೇ. ಡೇರಿ ಸದಸ್ಯತ್ವ, ಬ್ಯಾಂಕ್ ಖಾತೆ ಮಾತ್ರ ಅನೇಕ ಕಡೆ ಗಂಡಸರ ಹೆಸರಲ್ಲಿರುತ್ತೆ. ಹಾಗಾಗಿ ತರಬೇತಿಗೆ ಕರೆ ಬರೋದೂ ಅವರಿಗೇ. ಕೆಚ್ಚಲು ಬಾವು ಮೊದಲು ಗೊತ್ತಾಗೋದು ಹಾಲು ಕರೆಯೋ ಕೈಗೆ. ಆ ಕೈಗೆ ಮಾಹಿತಿ ಇಲ್ಲದಿದ್ದರೆ ಚಿಕಿತ್ಸೆ ತಡವಾಗಿ, ಮೊಲೆಯೇ ಕೆಟ್ಟು ಹೋಗಬಹುದು.

ಪಶು ಸಖಿ ಇಲ್ಲಿಗೆ ಯಾಕಿಲ್ಲ?

ಸ್ವಸಹಾಯ ಸಂಘದ ಮಹಿಳೆಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸೋ ‘ಪಶು ಸಖಿ’ ವ್ಯವಸ್ಥೆ ಇರೋದು ಗ್ರಾಮೀಣ ಜೀವನೋಪಾಯ ಯೋಜನೆಯಡಿ. ಮಹದೇವಪುರ ನಗರಸಭೆ 2007ರಲ್ಲೇ ಬಿಬಿಎಂಪಿಗೆ ಸೇರಿತು. ಹೀಗಾಗಿ ಇಲ್ಲಿನವರು ಸಲಹೆಯನ್ನ ತಾವೇ ಕೇಳಿ ಪಡೆಯಬೇಕು.

ಎಲ್ಲಿ ಕೇಳೋದು?

ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಉಚಿತ ಕರೆ 1962. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ವಿಚಾರಿಸಬಹುದು. ದೊಡ್ಡ ಸಮಸ್ಯೆಗೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಏನೇನು ಕೇಳಬೇಕು?

- ಕಾಲುಬಾಯಿ ಜ್ವರದ ಲಸಿಕೆ 6 ತಿಂಗಳಿಗೊಮ್ಮೆ. ಮುಂದಿನ ಸರದಿ ಯಾವಾಗ?
- ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುವಿಗೆ, ಒಂದೇ ಸಲ. ಈ ರೋಗ ಮನುಷ್ಯರಿಗೂ ಹರಡುತ್ತೆ. ಕಂದು ಹಾಕಿದ ಹಸುವಿನ ಕಸ, ಸತ್ತೆಯನ್ನ ಬರಿಗೈಲಿ ಮುಟ್ಟಬಾರದು.
- ಛತ್ರ, ಹೋಟೆಲ್‌ಗಳಲ್ಲಿ ಉಳಿದ ಅನ್ನ ಎಷ್ಟು ಹಾಕಬಹುದು? ಒಮ್ಮೆಲೇ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳಿಯೇರಿ ಹಸು ಸಾಯಲೂಬಹುದು.
- ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದು?

ಹೆಸರು, ನಂಬರ್ ಯಾರದ್ದು?

ಹಸುವಿನ ಕಿವಿಗೆ 12 ಅಂಕಿಯ ಓಲೆ ಹಾಕುವಾಗ ಮಾಲೀಕರ ಮೊಬೈಲ್ ನಂಬರನ್ನೂ ದಾಖಲಿಸ್ತಾರೆ. ಹಸು ನೋಡ್ಕೊಳ್ಳೋರ ನಂಬರೇ ಕೊಡೋದು ಒಳ್ಳೇದು.

ಸಹಕಾರ ಸಂಘಕ್ಕೆ ಹಾಕೋ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂ. ಇತ್ತು, 2013ರಲ್ಲಿ 4 ರೂ., 2016ರಲ್ಲಿ 5 ರೂ. ಆಯ್ತು. ಈ ದುಡ್ಡು ನೇರ ಖಾತೆಗೆ ಬರುತ್ತೆ. ದಿನಕ್ಕೆ 10 ಲೀಟರ್ ಹಾಕಿದ್ರೆ ತಿಂಗಳಿಗೆ 1,500 ರೂ. ಲೆಕ್ಕ. ಸದಸ್ಯತ್ವ ಹೆಂಡತಿ ಹೆಸರಲ್ಲಿದ್ದರೆ ದುಡ್ಡು ಅವರ ಖಾತೆಗೆ, ತರಬೇತಿಯ ಕರೆಯೂ ಅವರಿಗೇ. ಸಂಘದ ಕಾರ್ಯದರ್ಶಿ ಬಳಿ ಅರ್ಜಿ ಕೇಳಿ.