ಧರ್ಮಾದಾಯದ ಹಿಡಿಕಾಳು
ಗುಂಜಿ ಸೀಮೆಯ ಚಿಕ್ಕ ಮಾರಾಟಗಾರರ ಪೂರ್ವೇತಿಹಾಸ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಖಾನಾಪುರಕ್ಕೂ ಲೋಂಡಾಕ್ಕೂ ನಡುವೆ, ಸಹ್ಯಾದ್ರಿಯ ಅಡವಿಯ ಸೆರಗಿನಲ್ಲಿ ಗುಂಜಿ ಗ್ರಾಮವಿರುವುದು. ಮಾವುಲಿ ದೇವಿಯ ನೆಲೆಯೆಂದು ಸುತ್ತಲಿನ ಸೀಮೆಗೆಲ್ಲ ಈ ಊರು ಪರಿಚಿತವಾದುದು. ಮಲಪ್ರಭೆಯೂ ಮಹಾದಾಯಿಯೂ ಹುಟ್ಟುವ ತಾಲೂಕು ಇದಾದುದರಿಂದ ಇಲ್ಲಿ ಮಳೆಗೆ ಬರವಿಲ್ಲ. ಬಯಲುನಾಡಿನ ಜೋಳಕ್ಕೆ ಬದಲಾಗಿ ಭತ್ತವು ಇಲ್ಲಿಯ ಮುಖ್ಯ ಬೆಳೆಯು. ಹಲಸು, ಗೇರು, ಜೇನುಗಳು ಅಡವಿಯ ಪ್ರಸಾದವು. ಅಡವಿಯೊಳಗಿನ ವಾಡೆಗಳಲ್ಲಿ ಗವಳಿಗರು ಎಮ್ಮೆಗಳನ್ನು ಸಾಕಿಕೊಂಡು ಬಂದಿರುವರು.

ಇಷ್ಟೆಲ್ಲ ಸಮೃದ್ಧಿಯಿದ್ದೂ ಈ ಸೀಮೆಯ ಚಿಕ್ಕ ಒಕ್ಕಲಿಗನ ಕೈಯಲ್ಲಿ ಹಣ ನಿಲ್ಲದೆ ಹೋದುದೇಕೆಂಬುದು ವಿಚಾರಣೀಯವಾದ ವಿಷಯವು. ಹೊನ್ನನ್ನು ಮಾರಲು ಹೋದವನು ತಕ್ಕ ಬೆಲೆ ಬಾರದಿದ್ದರೆ ಗಂಟು ಕಟ್ಟಿಕೊಂಡು ಮನೆಗೆ ಮರಳಬಲ್ಲನು. ಹಾಲುಗಡಿಗೆಯನ್ನು ತಲೆಯ ಮೇಲೆ ಹೊತ್ತು ಹರದಾರಿಗಟ್ಟಲೆ ನಡೆದು ಬಂದವಳಿಗೆ ಆ ಸ್ವಾತಂತ್ರ್ಯವೆಲ್ಲಿಯದು? ಹೊತ್ತು ಇಳಿದಂತೆ ಅವಳ ಸರಕಿನ ಬೆಲೆಯೂ ಇಳಿಯುವುದು. ಕೊಳ್ಳುವವನು ಅದನ್ನು ಬಲ್ಲವನಾದುದರಿಂದ ಸಾಯಂಕಾಲದವರೆಗೆ ಕಾಯುವನು. ಹಾಲನ್ನು ಕಾಸಿ ಖವೆಯನ್ನಾಗಿ, ಕಡೆದು ಬೆಣ್ಣೆಯನ್ನಾಗಿ, ಭತ್ತವನ್ನು ಕುಟ್ಟಿ ಅವಲಕ್ಕಿಯನ್ನಾಗಿ, ಹಲಸನ್ನು ಹಪ್ಪಳವನ್ನಾಗಿ ಮಾಡುವ ವಿದ್ಯೆಯು ಇಂಥ ನಾಡುಗಳಲ್ಲಿ ಬಾಯಿರುಚಿಗಾಗಿ ಮಾತ್ರವೇ ಬೆಳೆದುದಲ್ಲ. ಕೆಡುವ ಪದಾರ್ಥಕ್ಕೆ ಕೆಲವು ದಿನಗಳ ಆಯುಷ್ಯವನ್ನು ಕೊಟ್ಟು, ಮಾರುವವರಿಗೆ ಕಾಯುವ ಶಕ್ತಿಯನ್ನು ಅದು ತಂದಿತು. ಬೆಳಗಾವಿಯ ಕುಂದಾ ಎಂಬ ಸಿಹಿತಿಂಡಿಯ ಖ್ಯಾತಿಯ ಹಿಂದೆಯೂ ಹೀಗೆ ಹಾಲನ್ನು ಬತ್ತಿಸುವ ವಿದ್ಯೆಯೇ ಇರುವುದು.

ಆದರೆ ಪೇಟೆಯನ್ನು ತಲುಪಿದ ಮೇಲೆಯೂ ಪೂರ್ಣ ಬೆಲೆ ಕೈಗೆ ಬರುತ್ತಿದ್ದಿಲ್ಲ. ಇದರ ಮೂಲವು ಬಹು ಹಳೆಯದು. ರಟ್ಟವಂಶದ ನಾಲ್ವಡಿ ಕಾರ್ತವೀರ್ಯನು ತಮ್ಮನಾದ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಲ್ಲಿ, ಅಂದರೆ ಇಂದಿನ ಬೆಳಗಾವಿಯಲ್ಲಿ, ಆಳುತ್ತಿದ್ದಾಗ, ಕ್ರಿ. ಶ. ೧೨೦೪ರಲ್ಲಿ ಬರೆಯಿಸಿದ ಶಿಲಾಶಾಸನಗಳು ಈಗ ಲಂಡನ್ ನಗರದ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವವು. ಮಂತ್ರಿಯಾದ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಸ್ಥಳೀಯ ವರ್ತಕರೂ, ಲಾಟ ಮತ್ತು ಮಲೆಯಾಳ ದೇಶಗಳಿಂದ ಬಂದ ವ್ಯಾಪಾರಿಗಳೂ ಕೂಡಿ ಆಯವನ್ನು ಬಿಟ್ಟುಕೊಟ್ಟುದು ಅವುಗಳಿಂದ ತಿಳಿದುಬರುವುದು. ಭತ್ತ, ಮೆಣಸು, ಶುಂಠಿ, ಅರಿಸಿನ, ವೀಳ್ಯದೆಲೆ, ಅಡಕೆಗಳಂಥ ಸರಕುಗಳ ಮೇಲೆ ಇಂತಿಷ್ಟೆಂದು ಕಟ್ಟಳೆಯಾಗಿತ್ತು. ಇದು ಜೈನರೊಬ್ಬರ ಪದ್ಧತಿಯಲ್ಲ. ಆ ಕಾಲದ ಶೈವ ದೇವಾಲಯಗಳಿಗೂ ಇಂಥ ದತ್ತಿಗಳು ನಾಡಿನಲ್ಲೆಲ್ಲ ನಡೆದವು. ದಾನಿಗಳೆಂದು ಕಲ್ಲಿನಲ್ಲಿ ಹೆಸರು ಪಡೆದವರು ವರ್ತಕರು. ಹೇರು ಹೊತ್ತು ತಂದವನ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಒಂಬತ್ತನೆಯ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಈ ಅಡವಿಯನ್ನು ಸೀಳಿಕೊಂಡು ಲೋಂಡಾದ ಮಾರ್ಗವಾಗಿ ಗೋವೆಯ ಮುರಗಾಂವ ಬಂದರಿನ ಹಾದಿಯನ್ನು ಕೂಡಿತು. ಗುಂಜಿಯಲ್ಲಿಯೂ ನಿಲ್ದಾಣವಾಯಿತು. ಹೇರೆತ್ತುಗಳ ಕಾಲದಲ್ಲಿ ದಿನಗಳು ಹಿಡಿಯುತ್ತಿದ್ದ ಹಾದಿಯು ಗಳಿಗೆಗಳಿಗೆ ಇಳಿಯಿತು. ಆದರೆ ಬಂಡಿ ಹತ್ತಿದ ಸರಕು ಬೆಳಗಾವಿಯಲ್ಲಿ ಇಳಿದೊಡನೆ ಸೇರುತ್ತಿದ್ದುದು ರವಿವಾರಪೇಟೆಯಂಥ ಸಗಟು ಪೇಟೆಗಳಲ್ಲಿಯ ದಲಾಲರ ಕೈಯನ್ನೇ.

ಆ ದಿನಗಳ ಪೇಟೆಗಳ ರೀತಿಯನ್ನು ೧೯೨೮ರಲ್ಲಿ ಹೊರಬಿದ್ದ ರಾಯಲ್ ಕೃಷಿ ಆಯೋಗದ ವರದಿಯು ಹಿಂದುಸ್ಥಾನಕ್ಕೆಲ್ಲ ಅನ್ವಯಿಸುವಂತೆ ವರ್ಣಿಸಿರುವುದು. ದಲಾಲನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರವನ್ನು ಗೊತ್ತುಮಾಡುವರು. ಸರಕಿನ ಒಡೆಯನು ಎದುರಿಗೆ ನಿಂತಿದ್ದರೂ ಅದನ್ನರಿಯನು. ಊರಿಗೊಂದು ಸೇರು, ಅಂಗಡಿಗೊಂದು ತೂಕ. ಅಡತಿ, ಹಮಾಲಿ, ತೂಕದ ಕೂಲಿ, ಮಾದರಿಗೆಂದು ತೆಗೆದ ಹಿಡಿಕಾಳುಗಳೆಲ್ಲ ಕಳೆದ ಬಳಿಕ ಕಟ್ಟಕಡೆಗೆ ಇನ್ನೊಂದು ಕಡಿತವಿರುತ್ತಿತ್ತು. ಅದಕ್ಕೆ ಧರ್ಮಾದಾಯವೆಂದು ಹೆಸರು. ಗುಡಿ, ಗೋಶಾಲೆ, ಪಾಠಶಾಲೆ, ಅನ್ನಸತ್ರಗಳಿಗೆಂದು ವರ್ತಕರು ಮಾರುವವನ ಹಣದಲ್ಲಿಯೇ ಇದನ್ನು ಮುರಿದುಕೊಳ್ಳುವರು. ಪುಣ್ಯವು ವರ್ತಕನ ಖಾತೆಗೆ, ಖರ್ಚು ಒಕ್ಕಲಿಗನ ಖಾತೆಗೆ! ಧರ್ಮಸಂಸ್ಥೆಗಳ ಉತ್ಸವಕಾಲದಲ್ಲಿ ದಾನಿಗಳನ್ನು ಸ್ಮರಿಸುವವರು ಈ ಅಜ್ಞಾತ ದಾನಿಗಳನ್ನು ಬಿಟ್ಟರೆ ಇತಿಹಾಸವು ಅಪೂರ್ಣವಾಗುವುದು.

ಈ ವಿಷಯದಲ್ಲಿ ಶರಣರ ದೃಷ್ಟಿಯು ಅತಿ ಸೂಕ್ಷ್ಮವಾದುದು. ಕಲ್ಯಾಣದ ಬೀದಿಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಯಿಸಿದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಿರುಗಿಸಿದಳು. ದಾಸೋಹಕ್ಕೆ ಅಕ್ಕಿ ಎಷ್ಟಿದ್ದರೂ ಬೇಕು. ಆದರೆ ಅದು ಬಂದ ದಾರಿಯನ್ನು ಮೊದಲು ನೋಡಬೇಕೆಂಬುದು ಆ ಮಹಾತಾಯಿಯ ನಿರ್ಣಯವು. ಗಾಣದ ಕಣ್ಣಪ್ಪ, ಕೊಟ್ಟಣದ ಸೋಮಮ್ಮರಂಥವರು ಎಣ್ಣೆ ತೆಗೆದು, ಭತ್ತ ಕುಟ್ಟಿ ಬಾಳಿದವರೇ ಆದುದರಿಂದ, ತಕ್ಕಡಿಯ ಆಚೆಯ ಬದಿಯಲ್ಲಿ ನಿಂತವರ ಸಂಕಟವು ಆ ಗಣಕ್ಕೆ ಅನುಭವವೇದ್ಯವಾಗಿತ್ತು.

ಪರಿಹಾರವು ಮೆಲ್ಲಮೆಲ್ಲನೆ ಬಂದಿತು. ೧೯೦೪ರ ಕಾಯಿದೆಯನ್ನನುಸರಿಸಿ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಿಂದ ಸಹಕಾರಿ ಪತ್ತಿನ ಸಂಘವು ಸ್ಥಾಪನೆಯಾಗಿ, ಮುಂಗಡ ಹಣದ ಮೂಲಕ ಬೆಳೆಯನ್ನು ಮೊದಲೇ ಕಟ್ಟಿಹಾಕುವ ಸಾಹುಕಾರರಿಂದ ಬಿಡುಗಡೆಯ ಹಾದಿಯನ್ನು ತೋರಿಸಿತು. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ೧೯೩೯ರಲ್ಲಿ, ಕೃಷಿ ಉತ್ಪನ್ನ ಪೇಟೆಗಳ ಕಾಯಿದೆಯಾಯಿತು. ಗೊತ್ತುಪಡಿಸಿದ ಶುಲ್ಕಗಳ ಹೊರತು ಮನಬಂದಂತೆ ಮುರಿದುಕೊಳ್ಳುವುದು ನಿಷಿದ್ಧವಾಯಿತು. ೧೯೫೬ರ ಕಾಯಿದೆಯ ಮೇರೆಗೆ ಸೇರು ಕೊಳಗಗಳು ಹೋಗಿ ಕಿಲೋಗ್ರಾಂ ಬಂದಿತು. ೧೯೬೬ರಲ್ಲಿ ಏಕೀಕೃತ ರಾಜ್ಯಕ್ಕೆಲ್ಲ ಅನ್ವಯಿಸುವ ಪೇಟೆ ಕಾಯಿದೆಯು ರಚಿತವಾಯಿತು.

ಆದರೂ ಪ್ರಾಂಗಣದ ಕಟ್ಟಳೆಯು ಪ್ರಾಂಗಣದಲ್ಲಿಯೇ ನಿಂತಿತು. ಚೀಲಗಟ್ಟಲೆ ಭತ್ತ ತರುವವನಿಗೆ ಅದು ರಕ್ಷೆಯಾಯಿತು. ಬುಟ್ಟಿಯಲ್ಲಿ ಅವಲಕ್ಕಿಯನ್ನೂ ಹಪ್ಪಳವನ್ನೂ ತರುವವಳಿಗೆ ಅಂಗಡಿಕಾರನು ಹೇಳಿದುದೇ ದರವಾಯಿತು. ೨೦೦೬ರ ಆಹಾರ ಸುರಕ್ಷತಾ ಕಾಯಿದೆ ಹಾಗೂ ೨೦೧೧ರ ನಿಯಮಗಳಿಂದ ಇಂಥವಳೂ ನೋಂದಣಿ ಮಾಡಿಸಬೇಕಾಯಿತು. ವರ್ಷಕ್ಕೆ ೧೨ ಲಕ್ಷ ರೂಪಾಯಿಗಳೊಳಗಿನ ವಹಿವಾಟಿಗೆ ಆ ನಿಯಮಗಳು ಗೊತ್ತುಮಾಡಿದ ವಾರ್ಷಿಕ ಶುಲ್ಕವು ೧೦೦ ರೂಪಾಯಿ ಮಾತ್ರ. ಶುಲ್ಕವು ಹಗುರವೇ, ಅರ್ಜಿ, ಭಾವಚಿತ್ರ, ಗುರುತಿನ ಕಾಗದಗಳಿಗಾಗಿ ಅಡವಿಯ ವಾಡೆಯಿಂದ ಪಟ್ಟಣಕ್ಕೆ ನಡೆದು ಕಳೆಯುವ ದಿನಗಳ ಕೂಲಿಯು ಆ ಲೆಕ್ಕದಲ್ಲಿ ಸೇರಿಲ್ಲ. ೨೦೨೦ರಲ್ಲಿ ಕಿರು ಆಹಾರೋದ್ಯಮಗಳಿಗಾಗಿ ಕೇಂದ್ರ ಸರಕಾರವು ಆರಂಭಿಸಿದ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ಪದಾರ್ಥವೆಂದು ಆಯ್ಕೆಯಾದುದು ಬೆಲ್ಲವು. ಕಬ್ಬಿನ ಬಯಲಿಗೆ ಅದು ಒಪ್ಪುವುದು. ಇತರ ಪದಾರ್ಥಗಳಿಗೂ ಆ ಯೋಜನೆಯಲ್ಲಿ ನೆರವಿಗೆ ಆಸ್ಪದವುಂಟಾದುದರಿಂದ, ಗುಂಜಿಯಂಥ ಭತ್ತದ ಸೀಮೆಯವರು ಅವಲಕ್ಕಿಗೂ ಹಲಸಿನ ಹಪ್ಪಳಕ್ಕೂ ಅರ್ಜಿ ಹಾಕಲು ಅಡ್ಡಿಯಿದ್ದಿಲ್ಲ.