ವಿದ್ಯುತ್‌ಚಾಲಿತ ಕಾರನ್ನು ಎತ್ತಲು ಜಾಕ್ ಪ್ಯಾಡ್ ಆಯ್ಕೆ: ಮಲೆನಾಡಿನ ವಾಹನ ಮಾಲೀಕರಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ತಾಲ್ಲೂಕುಗಳ ಕಾಫಿ ತೋಟದ ರಸ್ತೆಗಳಲ್ಲಿ ಮತ್ತು ಘಟ್ಟದ ಮಾರ್ಗಗಳಲ್ಲಿ ಚೂಪಾದ ಕಲ್ಲುಗಳಿಂದ ಟೈರು ಹಾನಿಗೊಳ್ಳುವುದು ಸಾಮಾನ್ಯ. ಪೆಟ್ರೋಲ್ ಅಥವಾ ಡೀಸೆಲ್ ಕಾರಿನಲ್ಲಿ ಜಾಕ್ ತಪ್ಪು ಸ್ಥಳದಲ್ಲಿ ತಾಗಿದರೆ ಬಹುಮಟ್ಟಿಗೆ ತಗಡು ನಗ್ಗುತ್ತದೆ. ವಿದ್ಯುತ್‌ಚಾಲಿತ ಕಾರಿನಲ್ಲಿ ಅದೇ ತಪ್ಪು ಬ್ಯಾಟರಿ ಪೆಟ್ಟಿಗೆಗೆ ಪೆಟ್ಟುಮಾಡಿ, ಬೆಂಕಿಗೂ ಕಾರಣವಾಗಬಹುದು. ಆದುದರಿಂದ ವಾಹನ ಮಾಲೀಕರು ಹಾಗೂ ಪಂಕ್ಚರ್ ಅಂಗಡಿಯವರು ಈ ಕೆಳಕಂಡ ಮಾಹಿತಿಯನ್ನು ಗಮನಿಸಬೇಕಾಗಿ ಕೋರಲಾಗಿದೆ.

1. ಹಿನ್ನೆಲೆ

2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ ಸೀಸ-ಆಮ್ಲ ಬ್ಯಾಟರಿಗಳನ್ನು ಮುಂದಿನ ಆಸನಗಳ ಕೆಳಗೆ ಜೋಡಿಸಲಾಗಿತ್ತು. 2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇವಿ ಮತ್ತು ಎಂಜಿ ಝಡ್‌ಎಸ್ ಇವಿ ಕಾರುಗಳಲ್ಲಿ ಕ್ರಮವಾಗಿ 30.2 ಹಾಗೂ 44.5 ಕಿಲೋವ್ಯಾಟ್ ಅವರ್ ಸಾಮರ್ಥ್ಯದ ಲಿಥಿಯಂ-ಅಯಾನ್ ಬ್ಯಾಟರಿಗಳು ಕಾರಿನ ನೆಲದಡಿಯಲ್ಲಿದ್ದವು. ಇಂದಿನ ಬಹುತೇಕ ವಿದ್ಯುತ್ ಕಾರುಗಳ ರಚನೆಯೂ ಇದೇ ಬಗೆಯದು. ಅಂದರೆ, ಹಿಂದೆ ಜಾಕ್ ಇಡಲು ಬಳಸುತ್ತಿದ್ದ ನೆಲಭಾಗದ ಬಹುಪಾಲನ್ನು ಈಗ ಬ್ಯಾಟರಿ ಪೆಟ್ಟಿಗೆಯು ಆವರಿಸಿರುತ್ತದೆ. ಎತ್ತಲು ಯೋಗ್ಯವಾದುದು ತಯಾರಕರು ಗುರುತಿಸಿದ, ಅಂಗೈಯಗಲದ ನಾಲ್ಕು ಸ್ಥಳಗಳು ಮಾತ್ರ.

ಜಾಕಿನ ತಲೆಭಾಗ ಹಾಗೂ ಈ ಸ್ಥಳಗಳ ನಡುವೆ ಇಡುವ ರಬ್ಬರ್, ಪಾಲಿಯುರೆಥೇನ್, ನೈಲಾನ್ ಅಥವಾ ಅಲ್ಯೂಮಿನಿಯಂ ಬಿಲ್ಲೆಯೇ ಜಾಕ್ ಪ್ಯಾಡ್. ಭಾರವನ್ನು ಗುರುತಿಸಿದ ಸ್ಥಳದ ಮೇಲೆ ಮಾತ್ರ ಬೀಳುವಂತೆ ಮಾಡುವುದೇ ಇದರ ಕಾರ್ಯ. ತಪ್ಪು ಸ್ಥಳವನ್ನು ಯಾವ ಪ್ಯಾಡೂ ಸರಿಯಾದ ಸ್ಥಳವನ್ನಾಗಿ ಮಾಡಲಾರದು.

2. ಪ್ಯಾಡ್‌ಗಳ ವಿಧಗಳು

ಅ) ಗಾಡಿ ಇರುವ ಪ್ಯಾಡ್: ಬಾಗಿಲುಗಳ ಕೆಳಗಿನ ಅಂಚಿನಲ್ಲಿ ಎರಡು ತಗಡುಗಳನ್ನು ಬೆಸೆದ ತೆಳುವಾದ ಅಂಚುಪಟ್ಟಿ ಇರುವ ಕಾರುಗಳಿಗೆ. ಪಟ್ಟಿಯು ಪ್ಯಾಡಿನ ಗಾಡಿಯೊಳಗೆ ಕುಳಿತುಕೊಳ್ಳುತ್ತದೆ.

ಆ) ಸಮತಟ್ಟಾದ ಪ್ಯಾಡ್: ಎತ್ತುವ ಸ್ಥಳದಲ್ಲಿ ಚಪ್ಪಟೆಯಾದ ಗಟ್ಟಿ ಉಬ್ಬು ಇರುವ ಕಾರುಗಳಿಗೆ.

ಇ) ಗೂಟವಿರುವ ಪ್ಯಾಡ್: ಎತ್ತುವ ಸ್ಥಳದಲ್ಲಿ ದುಂಡಗಿನ ರಂಧ್ರವಿರುವ ಕಾರುಗಳಿಗೆ. ಟೆಸ್ಲಾ ಕಾರುಗಳಿಗೆ ಬಳಸುವುದು ಈ ವಿಧ. ಗೂಟವು ರಂಧ್ರದಲ್ಲಿ ಸೇರಿಕೊಳ್ಳುವುದರಿಂದ ಪ್ಯಾಡ್ ಪಕ್ಕದ ಬ್ಯಾಟರಿಯತ್ತ ಜಾರುವುದಿಲ್ಲ.

ಒಂದು ವಿಧದ ಬದಲಿಗೆ ಮತ್ತೊಂದನ್ನು ಬಳಸತಕ್ಕದ್ದಲ್ಲ. ಅಂಚುಪಟ್ಟಿಗೆ ಸಮತಟ್ಟಾದ ಪ್ಯಾಡ್ ಇಟ್ಟರೆ ಪಟ್ಟಿ ಮಡಚಿಕೊಂಡು ಕಾರು ಜಾರುವ ಸಂಭವವಿರುತ್ತದೆ.

3. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಎತ್ತುವ ಸ್ಥಳ: ಕಾರಿನೊಂದಿಗೆ ನೀಡಿರುವ ಕೈಪಿಡಿಯಲ್ಲಿ ಚಿತ್ರಸಹಿತ ತೋರಿಸಲಾಗಿರುತ್ತದೆ. ಹಗಲಿನಲ್ಲಿ, ಮನೆಯಂಗಳದಲ್ಲಿಯೇ ನಾಲ್ಕೂ ಸ್ಥಳಗಳನ್ನು ನೋಡಿಕೊಂಡಿರುವುದು ಸೂಕ್ತ.

ಆ) ಅಳತೆ: ಗಾಡಿಯು ಅಂಚುಪಟ್ಟಿಗಿಂತ ಸ್ವಲ್ಪ ಅಗಲವಾಗಿರಬೇಕು. ಭಾರವು ಪಟ್ಟಿಯ ಮೇಲೆ ಬೀಳಬೇಕೋ ಅದರ ಬದಿಯ ಗಟ್ಟಿ ತಗಡಿನ ಮೇಲೆ ಬೀಳಬೇಕೋ ಎಂಬುದನ್ನು ಕೈಪಿಡಿಯಿಂದ ತಿಳಿದು, ಗಾಡಿಯ ಆಳವನ್ನು ಅದಕ್ಕೆ ತಕ್ಕಂತೆ ಆಯ್ದುಕೊಳ್ಳತಕ್ಕದ್ದು. ಪ್ಯಾಡಿನ ತಳವು ಜಾಕಿನ ತಲೆಭಾಗದ ಮೇಲೆ ಪೂರ್ತಿಯಾಗಿ ಕುಳಿತುಕೊಳ್ಳಬೇಕು. ಮೇಲ್ಭಾಗದ ಯಾವ ಅಂಚೂ ಬ್ಯಾಟರಿ ಪೆಟ್ಟಿಗೆಯನ್ನು ತಾಗಬಾರದು.

ಇ) ಎತ್ತರ: ಪ್ಯಾಡಿನ ದಪ್ಪ ಜಾಕಿನ ಎತ್ತರಕ್ಕೆ ಸೇರುತ್ತದೆ. ಉದಾಹರಣೆಗೆ, ಪೂರ್ಣ ಇಳಿಸಿದ ಜಾಕ್ 130 ಮಿ.ಮೀ., ಪ್ಯಾಡ್ 40 ಮಿ.ಮೀ. ಇದ್ದಲ್ಲಿ ಒಟ್ಟು 170 ಮಿ.ಮೀ. ಆಗುತ್ತದೆ. ಗಾಳಿ ಹೋದ ಟೈರಿನಿಂದ ಕಾರಿನ ಅಂಚು 160 ಮಿ.ಮೀ.ಗೆ ಇಳಿದಿದ್ದರೆ ಜಾಕ್ ಒಳಗೆ ಹೋಗುವುದಿಲ್ಲ. ಆದುದರಿಂದ ಟೈರಿನಲ್ಲಿ ಗಾಳಿ ಇಲ್ಲದ ಸ್ಥಿತಿಯ ಎತ್ತರವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಈ) ಭಾರ: 1,600 ಕಿ.ಗ್ರಾಂ. ತೂಕದ ಕಾರಿನ ಒಂದು ಚಕ್ರದ ಮೇಲೆ ಸರಾಸರಿ 400 ಕಿ.ಗ್ರಾಂ. ಭಾರವಿರುತ್ತದೆ. ಒಂದು ಬದಿಯ ಎರಡೂ ಚಕ್ರಗಳು ನೆಲ ಬಿಟ್ಟರೆ ಒಂದೇ ಪ್ಯಾಡಿನ ಮೇಲೆ ಸುಮಾರು 800 ಕಿ.ಗ್ರಾಂ. ಬೀಳುತ್ತದೆ. ಭಾರ ಸಾಮರ್ಥ್ಯವನ್ನು ನಮೂದಿಸದ ಪ್ಯಾಡನ್ನು ಖರೀದಿಸದಿರುವುದು ಒಳಿತು.

ಉ) ಗುಣಮಟ್ಟ: ಉಗುರಿನಿಂದ ಒತ್ತಿದರೆ ಸುಲಭವಾಗಿ ತಗ್ಗುವ ಮೆದು ರಬ್ಬರ್ ಭಾರಕ್ಕೆ ಉಬ್ಬಿ ಜಾರುತ್ತದೆ. ಬಿರುಕು ಬಿಟ್ಟ ಪ್ಯಾಡನ್ನು ಬಳಸಬಾರದು.

4. ಮಲೆನಾಡಿನಲ್ಲಿ ವಿಶೇಷ ಎಚ್ಚರಿಕೆ

ಮುಂಗಾರಿನ ತಿಂಗಳುಗಳಲ್ಲಿ ತೋಟದ ರಸ್ತೆಗಳ ಮಣ್ಣು ಮೆತ್ತಗಾಗಿ, ಜಾಕಿನ ತಳ ಹೂತುಹೋಗುತ್ತದೆ. ತಳ ಒಂದು ಬದಿಗೆ ವಾಲಿದೊಡನೆ ಮೇಲಿನ ಪ್ಯಾಡ್ ಕೂಡ ಸ್ಥಾನ ಬಿಡುತ್ತದೆ. ಆದುದರಿಂದ ಪ್ಯಾಡಿನ ಜೊತೆಗೆ ಜಾಕಿನ ತಳಕ್ಕಿಂತ ಅಗಲವಾದ, ಒಣಗಿದ ಗಟ್ಟಿ ಹಲಗೆಯನ್ನೂ ಕಾರಿನಲ್ಲಿ ಇಟ್ಟುಕೊಳ್ಳಬೇಕು. ತೋಟದಲ್ಲಿ ಸಿಗುವ ಹಸಿ ಸೌದೆ, ದುಂಡು ಕಟ್ಟಿಗೆ ಅಥವಾ ಒಂದರ ಮೇಲೊಂದಿಟ್ಟ ಕಲ್ಲುಗಳನ್ನು ಬಳಸತಕ್ಕದ್ದಲ್ಲ. ಎತ್ತುವ ಮೊದಲು ಪ್ಯಾಡ್ ಹಾಗೂ ಎತ್ತುವ ಸ್ಥಳದ ಕೆಸರನ್ನು ಬಟ್ಟೆಯಿಂದ ಒರೆಸಬೇಕು.

ರಾಷ್ಟ್ರೀಯ ಹೆದ್ದಾರಿ 73ರ ಚಾರ್ಮಾಡಿ ಘಾಟಿಯಲ್ಲಿ, ಕಳಸ-ಕುದುರೆಮುಖ ಮಾರ್ಗದ ಇಳಿಜಾರುಗಳಲ್ಲಿ ಹಾಗೂ ತಿರುವುಗಳಲ್ಲಿ ಕಾರನ್ನು ಎತ್ತುವ ಪ್ರಯತ್ನ ಮಾಡಬಾರದು. ಅಪಾಯ ಸೂಚಕ ದೀಪ ಹಾಕಿ, ನಿಧಾನವಾಗಿ ಹತ್ತಿರದ ಸಮತಟ್ಟಾದ ಸ್ಥಳಕ್ಕೆ ಸಾಗತಕ್ಕದ್ದು. ಇದರಿಂದ ಟೈರು ಹಾಳಾದರೂ ಜೀವಕ್ಕೆ ಅಪಾಯವಿರುವುದಿಲ್ಲ. ಸಾಗಲು ಸಾಧ್ಯವಿಲ್ಲದಿದ್ದಲ್ಲಿ ಎಲ್ಲರೂ ಕಾರಿನಿಂದ ಇಳಿದು ರಸ್ತೆಯ ಸುರಕ್ಷಿತ ಬದಿಯಲ್ಲಿ ನಿಂತು, ನಾಲ್ಕೂ ಚಕ್ರಗಳನ್ನು ಮೇಲೇರಿಸಿ ಸಾಗಿಸುವ ವಾಹನವನ್ನು ಕರೆಸಬೇಕು.

5. ಎತ್ತುವ ಕ್ರಮ

(1) ಕಾರನ್ನು ಸಂಪೂರ್ಣ ಆಫ್ ಮಾಡುವುದು. ವಿದ್ಯುತ್ ಕಾರು ಚಲಿಸಲು ಸಿದ್ಧವಿದ್ದರೂ ಸದ್ದು ಮಾಡುವುದಿಲ್ಲ.
(2) ಕೈಬ್ರೇಕ್ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಅಡ್ಡೆ ಇಡುವುದು.
(3) ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸುವುದು.
(4) ಪ್ಯಾಡ್ ಸ್ಥಾನದಲ್ಲಿದೆಯೇ ಎಂದು ನೋಡಿ, ಸ್ವಲ್ಪ ಎತ್ತಿ, ನಿಲ್ಲಿಸಿ, ಮತ್ತೊಮ್ಮೆ ನೋಡಿ ಮುಂದುವರಿಯುವುದು.
(5) ಜಾಕಿನ ಮೇಲೆ ಮಾತ್ರ ನಿಂತಿರುವ ಕಾರಿನಡಿಗೆ ಯಾವ ಕಾರಣಕ್ಕೂ ತಲೆ ಅಥವಾ ಕೈ ಹಾಕಬಾರದು. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು, ಅವುಗಳನ್ನು ಮುಟ್ಟಬಾರದು.

6. ಜಾಕ್ ಜಾರಿ ಬ್ಯಾಟರಿಗೆ ತಾಗಿದಲ್ಲಿ

ಪೆಟ್ಟಿಗೆಯಲ್ಲಿ ಬಿರುಕು ಉಂಟಾದರೆ ತೇವಾಂಶ ಒಳಸೇರಿ, ಕೆಲವು ಗಂಟೆಗಳ ಅಥವಾ ದಿನಗಳ ನಂತರವೂ ಬೆಂಕಿ ಕಾಣಿಸಿಕೊಳ್ಳಬಹುದು. ಕಾರನ್ನು ಚಾರ್ಜಿಗೆ ಹಾಕಬಾರದು. ಮನೆ, ಕಾಫಿ ಗೋದಾಮು, ಕೊಟ್ಟಿಗೆಗಳಿಂದ ಕನಿಷ್ಠ 15 ಮೀಟರ್ ದೂರದಲ್ಲಿ ಬಯಲಿನಲ್ಲಿ ನಿಲ್ಲಿಸಿ, ಅಧಿಕೃತ ಸೇವಾ ಕೇಂದ್ರಕ್ಕೆ ತಿಳಿಸತಕ್ಕದ್ದು. ಹೊಗೆ, ವಿಚಿತ್ರ ವಾಸನೆ ಅಥವಾ ಬುಸುಗುಟ್ಟುವ ಸದ್ದು ಕಂಡುಬಂದಲ್ಲಿ ದೂರ ಸರಿದು 112ಕ್ಕೆ ಕರೆ ಮಾಡಿ, ಇದು ವಿದ್ಯುತ್ ಕಾರು ಎಂದು ತಪ್ಪದೆ ತಿಳಿಸಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಸಂಖ್ಯೆಯೂ ಲಭ್ಯ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ಯಾಡ್ ಬಳಸಲು ಸಾರಿಗೆ ಕಛೇರಿಯ ಅನುಮತಿ ಬೇಕೇ?
ಉತ್ತರ: ಬೇಕಿಲ್ಲ. ಇದು ಬಿಡಿ ಸಾಧನ. ಆದರೆ ಎತ್ತುವ ಕೊಂಡಿಗಳನ್ನು ಕಾರಿನ ಚೌಕಟ್ಟಿಗೆ ಬೆಸೆಯುವುದು ಬೇರೆ ವಿಷಯ. ವಾಹನದ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನಗಳ ಕಾಯ್ದೆಯ ಕಲಂ 52 ಅನ್ವಯಿಸುತ್ತದೆ.

ಪ್ರಶ್ನೆ: ಕಾರಿನಲ್ಲಿ ಹೆಚ್ಚುವರಿ ಚಕ್ರವೇ ಇಲ್ಲ. ಪ್ಯಾಡ್ ಏಕೆ?
ಉತ್ತರ: 2020ರ ನಿಯಮ ತಿದ್ದುಪಡಿಯ ನಂತರ, ಟೈರಿನ ಒತ್ತಡ ಸೂಚಕ ಹಾಗೂ ಪಂಕ್ಚರ್ ದುರಸ್ತಿ ಕಿಟ್ ಇರುವ ಕಾರುಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ. ಆದರೆ ಟೈರಿನ ಪಕ್ಕದ ಗೋಡೆ ಸೀಳಿದರೆ ಕಿಟ್ ಪ್ರಯೋಜನಕ್ಕೆ ಬಾರದು. ಅಂಗಡಿಯಲ್ಲಿ ಕಾರನ್ನು ಎತ್ತಲೇಬೇಕಾಗುತ್ತದೆ. ಅಲ್ಲಿ ನಿಮ್ಮ ಕಾರಿಗೆ ಹೊಂದುವ ಪ್ಯಾಡ್ ಇರುತ್ತದೆಂಬ ಖಾತರಿಯಿಲ್ಲ. ರಸ್ತೆಬದಿಗೆ ಒಂದು ಸಾಕು. ಗ್ಯಾರೇಜಿನ ಲಿಫ್ಟಿಗೆ ನಾಲ್ಕು ಬೇಕು.

ಪ್ರಶ್ನೆ: ಹಳೆಯ ಟೈರಿನ ತುಂಡನ್ನು ಪ್ಯಾಡಿನಂತೆ ಬಳಸಬಹುದೇ?
ಉತ್ತರ: ಬಳಸಬಾರದು. ಅದು ಭಾರಕ್ಕೆ ಬಾಗಿ ಬ್ಯಾಟರಿಯತ್ತ ಸರಿಯುತ್ತದೆ.

ಸೂಚನೆ: ಮೇಲ್ಕಂಡ ಮಾಹಿತಿಯು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಆಯಾ ಕಾರಿನ ಕೈಪಿಡಿಯಲ್ಲಿ ಬೇರೆ ಸೂಚನೆ ಇದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.