ಅಲಾಸ್ಕದ ವೀನ್ ಮನೆತನ

ವಿಮಾನವೆಂಬುದು ಯೂರೋಪಿನಲ್ಲಿ ಯುದ್ಧದ ಆಯುಧವಾಗಿಯೂ ಅಮೆರಿಕದ ಜಾತ್ರೆಗಳಲ್ಲಿ ದೊಂಬರಾಟವಾಗಿಯೂ ಹೆಸರು ಪಡೆದಿದ್ದ ಕಾಲದಲ್ಲಿ, ಅದನ್ನು ನಿತ್ಯಜೀವನದ ಅವಶ್ಯಕತೆಯನ್ನಾಗಿ ಮಾಡಿಕೊಂಡ ನಾಡು ಅಲಾಸ್ಕ. ಕೆಲವೇ ರೈಲುಮಾರ್ಗ, ಬಂಡಿದಾರಿಗಳ ಹೊರತು ಹಾದಿಯೆಂಬುದೇ ಇಲ್ಲದ, ಚಳಿಗಾಲದ ಅಂಚೆಯು ನಾಯಿಗಳೆಳೆಯುವ ಜಾರುಬಂಡಿಯಲ್ಲಿ ವಾರಗಟ್ಟಲೆ ಸಾಗಬೇಕಾಗಿದ್ದ ಆ ಸೀಮೆಗೆ 1924ರಲ್ಲಿ ಬಂದಿಳಿದ ನೋಯಲ್ ವೀನ್ ಎಂಬ ಮಿನ್ನೆಸೋಟದ ತರುಣನು, ಆ ಜುಲೈಯಲ್ಲಿಯೇ ಕೆಳಗಿನ ರೈಲುಹಳಿಗಳನ್ನು ನಂಬಿಕೊಂಡು ಆಂಕರೇಜಿನಿಂದ ಫೇರ್‌ಬ್ಯಾಂಕ್ಸಿಗೆ ಮೊತ್ತಮೊದಲ ವಿಮಾನವನ್ನು ನಡೆಸಿದನು. ಮರುವರ್ಷ ಆರ್ಕ್ಟಿಕ್ ವೃತ್ತವನ್ನು ದಾಟಿ ವೈಸ್‌ಮನ್ ಎಂಬ ಗಣಿಹಳ್ಳಿಯಲ್ಲಿ ಇಳಿದನು. 1929ರಲ್ಲಿ ಸೈಬೀರಿಯಕ್ಕೆ ಹಾರಿ ಹಿಂತಿರುಗಿದನು.

ಈ ಸಾಹಸಗಳಿಗಿಂತ ವಿಚಾರಾರ್ಹವಾದುದು ಇವುಗಳ ಹಿಂದಿನ ದುಡಿಮೆ. ನದಿಯ ಮರಳುದಿಬ್ಬವೋ ಹೆಪ್ಪುಗಟ್ಟಿದ ಹೊಳೆಯೋ ಅಲ್ಲಿನ ನಿಲ್ದಾಣ. ಚಳಿಗಾಲದಲ್ಲಿ ನೆಲ ಮುಟ್ಟಿದೊಡನೆ, ಎಂಜಿನ್ನಿನ ಎಣ್ಣೆ ಗಟ್ಟಿಯಾಗುವ ಮುನ್ನವೇ ಅದನ್ನು ಡಬ್ಬಕ್ಕೆ ಬಸಿದು, ಗುಡಿಸಲೊಳಗೆ ಒಯ್ದು, ಒಲೆಯ ಬದಿಯಲ್ಲಿರಿಸಬೇಕು. ಮರುದಿನ ಮುಂಜಾನೆ ಎಂಜಿನ್ನಿಗೆ ದಪ್ಪ ಕ್ಯಾನ್‌ವಾಸು ಹೊದಿಸಿ, ಅದರಡಿಯಲ್ಲಿ ಸ್ಟೌ ಹೊತ್ತಿಸಿ, ಬಟ್ಟೆಗೆ ಬೆಂಕಿ ತಗುಲದಂತೆ ಕಣ್ಣಿಟ್ಟು ಕಾದು, ಲೋಹವು ಬೆಚ್ಚಗಾದ ಮೇಲೆ ಕಾಯಿಸಿದ ಎಣ್ಣೆಯನ್ನು ಮರಳಿ ಸುರಿದಲ್ಲದೆ ಹಾರಾಟದ ಮಾತಿಲ್ಲ.

ಒಬ್ಬನಿಂದಾಗದ ಈ ಕೆಲಸಕ್ಕೆ ಸೋದರರು ಹೆಗಲು ಕೊಟ್ಟರು. ಮೆಕ್ಯಾನಿಕ್ಕಾಗಿ ಬಂದು ವೈಮಾನಿಕನಾದ ರಾಲ್ಫ್ 1930ರಲ್ಲಿ ಕಾಟ್ಜೆಬ್ಯೂ ಎಂಬಲ್ಲಿ ವಿಮಾನಾಪಘಾತದಲ್ಲಿ ಮಡಿದನು; ಆದರೂ ಫ್ರಿಟ್ಜ್ ಯಂತ್ರಗಳ ಬಳಿಯಲ್ಲಿ, ಸಿಗರ್ಡ್ ಆಕಾಶದಲ್ಲಿ, ಅದೇ ಕಸುಬನ್ನು ಮುಂದುವರಿಸಿದರು. 1927ರಲ್ಲಿ ನೋಯಲ್ ಆರಂಭಿಸಿದ ಉದ್ಯಮವು ಕಾಲಾಂತರದಲ್ಲಿ ಜೆಟ್ ವಿಮಾನಗಳ ಸಂಸ್ಥೆಯಾಗಿ ಬೆಳೆದು, ಮನೆತನದ ಕೈತಪ್ಪಿ, 1984ರಲ್ಲಿ ಹಾರಾಟವನ್ನು ನಿಲ್ಲಿಸಿತು.

ತಂದೆಯ ವೃತ್ತಿಯನ್ನೇ ಹಿಡಿದ ನೋಯಲನ ಮಗ ಮೆರಿಲ್ ವೀನ್ ತನ್ನ ಮುಪ್ಪಿನಲ್ಲಿ ಆತ್ಮಕಥೆಯನ್ನು ಬರೆದಿದ್ದಾನೆ. ಹಾದಿಯಿಲ್ಲದ ಸೀಮೆಗಳಿಗೆ ವಿಮಾನ ನಡೆಸುವ ಬುಷ್ ಪೈಲಟ್ಟುಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎದೆಗಾರಿಕೆಯನ್ನೇ ಕೊಂಡಾಡುತ್ತವೆ. ಕಸುಬಿನ ಮನೆಯಲ್ಲಿಯೇ ಹುಟ್ಟಿ ಬೆಳೆದವರ ಸಾಕ್ಷ್ಯ ಅಮೂಲ್ಯವಾಗುವುದು ಇಂಥಲ್ಲಿ. ಎದೆಗಾರಿಕೆ ಅಲಾಸ್ಕದಲ್ಲಿ ಅನೇಕರಿಗಿತ್ತು, ಅವರಲ್ಲಿ ಹಲವರು ಬಹುಬೇಗ ಮಡಿದರು. ಅಂಚೆ, ಔಷಧ, ರೋಗಿಗಳನ್ನು ವರ್ಷಾನುವರ್ಷ ಊರು ಮುಟ್ಟಿಸಿದವರು ಎಣ್ಣೆ ಬಸಿಯುವುದನ್ನು ಒಂದು ಸಂಜೆಯೂ ಮರೆಯದವರೇ.